ಬೀಗವಿಲ್ಲದ ಅಡುಗೆಮನೆ

ನಾನು ಮೀನುಗಾರರ ಮನೆಯಲ್ಲಿ ಹುಟ್ಟಿದವಳು. ಅಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿ ನನ್ನನ್ನು ಕಾನೂನು ಓದಿಸಿದಳು. ನಾತಕ್ಕೆ ಮೂಗು ಮುಚ್ಚುವ ಅಭ್ಯಾಸ ನನಗಿಲ್ಲ. ಅಂಥ ನನಗೆ ಕುಲಶೇಖರದಿಂದ ಆಚೆಗಿನ ಒಂದು ಅಡುಗೆಮನೆಯಲ್ಲಿ, ಸಾಸಿವೆ ಕರಿಬೇವಿನ ಒಗ್ಗರಣೆಯ ಘಮಘಮದ ನಡುವೆ ನಿಂತಾಗ ವಾಕರಿಕೆ ಬಂತು. ಆ ಕೇಸಿನ ಬಗ್ಗೆ ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಮೊದಲು ನೆನಪಾಗುವುದು ಕಲಂ ಅಲ್ಲ, ಆ ಒಗ್ಗರಣೆ.

ಉಚಿತ ಕಾನೂನು ನೆರವಿನ ವಕೀಲರ ಪೈಕಿ ನಾನೂ ಒಬ್ಬಳು. ಒಂದು ಮಧ್ಯಾಹ್ನ ಕೋರ್ಟು ಮುಗಿಸಿ ಆಫೀಸಿಗೆ ಬಂದಾಗ ಒಬ್ಬ ಯುವಕ ಬೆಂಚಿನ ತುದಿಯಲ್ಲಿ ಕೂತಿದ್ದ. ಬಜಪೆಯಲ್ಲಿ ಟೆಂಪೊ ಓಡಿಸುವವನು. ಹೆಂಡತಿ ತುಂಬು ಬಸುರಿ. ಬಿಪಿ ಏರಿದೆ, ಮಂಚದಿಂದ ಇಳಿಯಬೇಡ ಎಂದು ಡಾಕ್ಟರು ಹೇಳಿದ್ದಾರೆ. ಮನೆಯಲ್ಲಿ ಬೇರೆ ಹೆಂಗಸರಿಲ್ಲ.

"ಅತ್ತೆ ಬರ್ಬೇಕಿತ್ತು ಮೇಡಂ. ಅವರನ್ನು ಕಳಿಸುದಿಲ್ಲ" ಎಂದ.

ಅತ್ತೆ ವಿಧವೆ. ಒಬ್ಬ ಕ್ಯಾಟರಿಂಗ್ ಮಾಲೀಕನ ಅಡುಗೆಮನೆಯಲ್ಲಿ ಕೆಲಸ, ಅಲ್ಲೇ ಮಾಳಿಗೆಯಲ್ಲಿ ವಾಸ. ಮಗಳ ಬಯಕೆ ಶಾಸ್ತ್ರದ ದಿನವೂ ಆಕೆ ಬರಲಿಲ್ಲ. ಅದೇ ದಿನ ಯಾರದೋ ಮನೆಯ ಬಯಕೆಗೆ ಹೋಳಿಗೆ ತಟ್ಟುತ್ತಿದ್ದಳಂತೆ. 

ಇಂಥದ್ದರಲ್ಲಿ ವಕೀಲರಾದವರು ಮೊದಲು ಕೇಳುವುದು ಮುಂಗಡದ ವಿಚಾರ. ಮುಂಗಡ ಕೊಟ್ಟು ದುಡಿಸಿಕೊಂಡರೆ ಜೀತ ಪದ್ಧತಿ ರದ್ದತಿ ಕಾಯ್ದೆ ಇದೆ, ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು, ಬಿಡುಗಡೆ ಪತ್ರ ಸಿಗುತ್ತದೆ. ಕೇಳಿದೆ. ಮುಂಗಡ ಇಲ್ಲ, ಸಾಲವೂ ಇಲ್ಲ. ಸಂಬಳ ಸರಿಯಾಗಿ ಬ್ಯಾಂಕಿಗೆ ಬೀಳುತ್ತದೆ. ಹೊಡೆಯುತ್ತಾರಾ? ಇಲ್ಲ. ಕೂಡಿಹಾಕುತ್ತಾರಾ? ಅದೂ ಇಲ್ಲ.

"ಹಾಗಾದ್ರೆ ಎಂತದಕ್ಕೆ ಬರುದಿಲ್ಲ ಮಾರಾಯ?"

ಅವನು ನೆಲ ನೋಡಿದ. "ನೀವೇ ಒಮ್ಮೆ ಬಂದು ಕೇಳಿ ಮೇಡಂ. ನನ್ನತ್ರ ಹೇಳುದಿಲ್ಲ."

ಮರುದಿನ ಬೆಳಿಗ್ಗೆ ಹೋದೆ. ರಸ್ತೆಯಿಂದ ಸ್ವಲ್ಪ ಇಳಿಜಾರಿನಲ್ಲಿ ಶೀಟು ಹೊದಿಸಿದ ದೊಡ್ಡ ಅಡುಗೆಮನೆ, ಅದರ ಮೇಲೆ ಮಾಳಿಗೆ, ಹಿಂದೆ ಬಾವಿ, ಬಾವಿಯ ಪಕ್ಕ ಹೆಂಚಿನ ಸಣ್ಣ ಕೋಣೆ. ಗೇಟು ಹಾರುಹೊಡೆದಿತ್ತು. ಒಳಗೆ ಏಳೆಂಟು ಹೆಂಗಸರು ತೆಂಗಿನಕಾಯಿ ತುರಿಯುತ್ತಿದ್ದರು, ತರಕಾರಿ ಹೆಚ್ಚುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ.

ಮಾಲೀಕ ಬಿಳಿ ಪಂಚೆಯ ಮನುಷ್ಯ. ಹಣೆಯಲ್ಲಿ ಗಂಧ, ಬಾಯಲ್ಲಿ ಸಕ್ಕರೆ. ನಾನು ಯಾರು, ಯಾಕೆ ಬಂದೆ ಎಂದು ಹೇಳಿದ ಮೇಲೂ ನಗು ಮಾಸಲಿಲ್ಲ. ಚಾ ತರಿಸಿದ.

"ಗೇಟು ನೋಡಿದ್ರಲ್ಲ ಮೇಡಂ, ಹಗಲಿಡೀ ತೆರೆದೇ ಉಂಟು. ಇವರು ಅಂಗಡಿಗೆ ಹೋಗ್ತಾರೆ, ಬರ್ತಾರೆ. ನಮ್ಮಲ್ಲಿ ಆಳು ಧಣಿ ಅಂತ ಇಲ್ಲ, ಎಲ್ಲ ಮನೆಯವರ ಹಾಗೆ. ನೀವೇ ಕೇಳಿ." ಒಳಗೆ ತಿರುಗಿ ಕರೆದ, "ಅಕ್ಕಾ, ಇಲ್ಲಿ ಬನ್ನಿ."

ಆಕೆ ಬಂದಳು. ಒಣಗಿದ ಮೈ, ನರೆಗೂದಲು. ಬಲಗೈಯ ಮೇಲೆ ಎಣ್ಣೆ ಹಾರಿದ ಸುಟ್ಟಗಾಯ, ಅದರ ಮೇಲೆ ಅರಸಿನ ಮೆತ್ತಿ ಚಿಂದಿ ಸುತ್ತಿದ್ದಳು. ಅಷ್ಟು ಹೊತ್ತು ಅದೇ ಕೈಯಲ್ಲಿ ಕಾಯಿ ತುರಿಯುತ್ತಿದ್ದಳು.

"ಮಗಳ ಮನೆಗೆ ಹೋಗ್ತೀರಾ ಅಕ್ಕ? ನಾನು ತಡೀತೇನಾ?" ಮಾಲೀಕ ಕೇಳಿದ.

"ಇಲ್ಲ ಧಣಿ. ನಾನು ಇಲ್ಲೇ ಇರ್ತೇನೆ."

"ಕೇಳಿದ್ರಲ್ಲ ಮೇಡಂ?"

ಕೇಳಿದೆ. ಅವನ ನಗುವನ್ನೂ ನೋಡಿದೆ. ಹೊಡೆದು ದುಡಿಸುವವನನ್ನು ಕಂಡರೆ ಸಿಟ್ಟು ಬರುತ್ತದೆ. ಅಕ್ಕ ಎಂದು ಕರೆದು ದುಡಿಸುವವನ ಚಾ ನನಗೆ ಬೇಡವಾಯಿತು. ಚಾ ಲೋಟವನ್ನು ಹಾಗೆಯೇ ಕೆಳಗಿಟ್ಟು, ಕೈ ತೊಳೆಯುವ ನೆಪ ಹೇಳಿ ಬಾವಿಕಟ್ಟೆಗೆ ನಡೆದೆ. ನೀರು ಸೇದಿ ಕೊಡಲು ಆಕೆ ಹಿಂದೆ ಬಂದಳು. ನಾನು ತುಳುವಿನಲ್ಲಿ ಮಾತಾಡಿಸಿದೆ. ಕೊಡ ಎತ್ತುತ್ತಲೇ, ಹೆಂಚಿನ ಕೋಣೆಯ ಕಡೆ ನೋಡದೆ, ಆಕೆ ವಿಷಯ ಹೇಳಿದಳು.

ಒಂದು ಮದುವೆಯ ಸೀಸನ್ನಿನಲ್ಲಿ ಇಬ್ಬರು ಹೆಂಗಸರು ಬೇರೆ ಕ್ಯಾಟರಿಂಗಿಗೆ ಹೋಗಿಬಿಟ್ಟರು. ಅದಾದ ಮೇಲೆ ಮಾಲೀಕ ಉಳಿದವರನ್ನೆಲ್ಲ ಸ್ನಾನ ಮಾಡಿಸಿ ಆ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಅವನ ಮನೆಯ ದೈವದ ದೀಪ ಇದೆ. ಕಣ್ಣು ಮುಚ್ಚಿ ಕೈ ಮುಗಿಯಿರಿ ಎಂದ. ಒಬ್ಬೊಬ್ಬರ ಹೆಸರು ಹೇಳಿ, ಹಳದಿ ಬಟ್ಟೆಯಲ್ಲಿ ಒಂದೊಂದು ಮುಡಿಪು ಕಟ್ಟಿ ದೀಪದ ಮುಂದೆ ತೂಗುಹಾಕಿದ. ನಮ್ಮ ಕಡೆ ಹರಕೆ ಹೇಳಿ ನಾಣ್ಯ, ಅಕ್ಕಿ ಬಟ್ಟೆಯಲ್ಲಿ ಗಂಟು ಕಟ್ಟಿಡುವುದು ಮನೆಮನೆಯ ಪದ್ಧತಿ. ನನ್ನ ಅಮ್ಮನೂ ದೋಣಿ ಕಡಲಿಗೆ ಇಳಿಯುವಾಗ ಕಟ್ಟುತ್ತಿದ್ದಳು. ಇವನು ಕಟ್ಟಿದ್ದು ಬೇರೆ. ತಾನು ಗಂಟು ಬಿಚ್ಚುವ ತನಕ ಯಾರೂ ಈ ಕೆಲಸ ಬಿಡುವ ಹಾಗಿಲ್ಲ, ಬಿಟ್ಟು ಹೋದರೆ ಅವರ ಹೊಟ್ಟೆಯ ಸಂತಾನವನ್ನು ದೈವ ನೋಡಿಕೊಳ್ಳುತ್ತದೆ ಎಂದು ಹೇಳಿ ಒಬ್ಬೊಬ್ಬರಿಂದಲೂ ಮಾತು ತೆಗೆದುಕೊಂಡ.

"ಒಬ್ಬಳು ಹೋದ್ಲು" ಆಕೆ ಹೇಳಿದಳು. "ಅವಳ ಮಗನಿಗೆ ಜ್ವರ ಬಂದು ಐಸಿಯುಗೆ ಹಾಕಿದ್ರು. ಧಣಿ ಎಲ್ಲರನ್ನೂ ಕೂರಿಸಿ ಅದನ್ನು ಹೇಳಿದ್ರು. ನನ್ನ ಮಗಳ ಹೊಟ್ಟೆಯಲ್ಲಿ ಮಗು ಉಂಟು ಮೇಡಂ. ನಾನು ಹೇಗೆ ಹೋಗುದು?"

ಆಕೆಗೆ ಮಗಳ ಹತ್ತಿರ ಹೋಗಬೇಕು. ಹೋದರೆ ಮಗಳೇ ಉಳಿಯುವುದಿಲ್ಲ ಎಂಬ ಭಯ. ಬೀಗ ಯಾಕೆ ಬೇಕು ಅವನಿಗೆ?

ರಾತ್ರಿ ಪುಸ್ತಕ ಹಿಡಿದು ಕೂತೆ. ಭಾರತೀಯ ನ್ಯಾಯ ಸಂಹಿತೆಯ ೧೪೬ನೇ ಕಲಂ: ಯಾರನ್ನಾದರೂ ಅವರ ಇಚ್ಛೆಗೆ ವಿರುದ್ಧವಾಗಿ, ಕಾನೂನುಬಾಹಿರವಾಗಿ ದುಡಿಯುವಂತೆ ಒತ್ತಾಯಿಸುವುದು ಅಪರಾಧ. ಹೆಚ್ಚೆಂದರೆ ಒಂದು ವರ್ಷ ಸಜೆ. ಆದರೆ ಆಕೆಯೇ ಬಾಯಿಬಿಟ್ಟು 'ಇಲ್ಲೇ ಇರ್ತೇನೆ' ಅನ್ನುತ್ತಾಳಲ್ಲ, ಇಚ್ಛೆಗೆ ವಿರುದ್ಧ ಎಂದು ತೋರಿಸುವುದು ಹೇಗೆ? ಪುಟ ತಿರುಗಿಸುತ್ತಾ ಹೋದಾಗ ೩೫೪ ಕಣ್ಣಿಗೆ ಬಿತ್ತು. ಹಳೆಯ ದಂಡ ಸಂಹಿತೆಯಲ್ಲೂ ಇದ್ದದ್ದೇ, ನಾನು ಎಂದೂ ಬಳಸಿರಲಿಲ್ಲ. ತನ್ನ ಕೃತ್ಯದಿಂದ ಒಬ್ಬರು ಅಥವಾ ಅವರಿಗೆ ಬೇಕಾದವರು ದೈವಕೋಪಕ್ಕೆ ಗುರಿಯಾಗುತ್ತಾರೆ ಎಂದು ನಂಬಿಸಿ, ಅವರು ಮಾಡಬೇಕಿಲ್ಲದ ಕೆಲಸವನ್ನು ಮಾಡಿಸುವುದು ಅಪರಾಧ. ಬೇಕಾದವರು ಎಂದರೆ ಇಲ್ಲಿ ಮಗಳು. ಕಾನೂನು ಬರೆದವರು ಈ ಬಾವಿಕಟ್ಟೆಗೆ ಬಂದು ಹೋದವರ ಹಾಗೆ ಬರೆದಿದ್ದರು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ನಮ್ಮೂರಿನವರೇ. ಗಲಾಟೆ ನಡೆದರೆ ಲಾಠಿ ಹಿಡಿದು ಎಲ್ಲರಿಗಿಂತ ಮುಂದೆ ನುಗ್ಗುವ ಧೈರ್ಯವಂತ ಎಂದು ಹೆಸರು. ನಾನು ಬರೆದುಕೊಟ್ಟ ಅಳಿಯನ ದೂರು ಓದಿ ಕುರ್ಚಿಗೆ ಒರಗಿದರು.

"ಎಂತ ಕೇಸು ಮೇಡಂ ಇದು? ಬೀಗ ಇಲ್ಲ, ಹೊಡ್ದದ್ದಿಲ್ಲ, ಸಂಬಳ ಕೊಡ್ತಾನೆ. ಮತ್ತೆ ಈ ೩೫೪, ಅದು ಅಸಂಜ್ಞೇಯ. ಕೋರ್ಟಿನ ಆರ್ಡರ್ ಇಲ್ಲದೆ ನಾನು ಮುಟ್ಲಿಕ್ಕೆ ಆಗುದಿಲ್ಲ."

"೧೪೬ ಸಂಜ್ಞೇಯ ಸರ್. ಎರಡೂ ಒಟ್ಟಿಗೆ ಇದ್ರೆ ಇಡೀ ಕೇಸು ಸಂಜ್ಞೇಯವೇ. ನಾಗರಿಕ ಸುರಕ್ಷಾ ಸಂಹಿತೆ ೧೭೪ ನೋಡಿ."

ನೋಡಿದರು. ಒಂದು ಫೋನ್ ಮಾಡಿದರು, ಇನ್ನೊಂದು ಮಾಡಿದರು. ಕೊನೆಗೆ ಅಳಿಯನ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಗೆದ್ದೆ ಎಂದುಕೊಂಡೆ.

ಮರುದಿನವೇ ಶೋಧನೆಗೆ ಹೊರಟೆವು. ಪಂಚರಾಗಿ ಇಬ್ಬರು: ಗ್ರಾಮ ಆಡಳಿತಾಧಿಕಾರಿ, ಮತ್ತು ಎದುರಿನ ದಿನಸಿ ಅಂಗಡಿಯವರು. ಹೊಸ ಕಾನೂನಿನಲ್ಲಿ ಶೋಧನೆಯನ್ನೂ ಜಪ್ತಿಯನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡುವುದು ಕಡ್ಡಾಯ. ಒಬ್ಬ ಕಾನ್‌ಸ್ಟೆಬಲ್ ಗೇಟಿನಿಂದಲೇ ಫೋನ್ ಹಿಡಿದು ಶುರುಮಾಡಿದ. ಅಡುಗೆಮನೆ, ಮಾಳಿಗೆ, ಹೆಂಗಸರ ಚಾಪೆಗಳು, ಎಲ್ಲವನ್ನೂ ಚೆನ್ನಾಗಿಯೇ ತೆಗೆದ. ಆಮೇಲೆ ಹೆಂಚಿನ ಕೋಣೆಯ ಎದುರು ಬಂದೆವು.

ಅಲ್ಲಿ ಏನಾಯಿತೆಂದು ಬರೆಯಲು ನನಗೆ ಈಗಲೂ ಮುಜುಗರ. ಎಲ್ಲರೂ ಚಪ್ಪಲಿ ಬೂಟು ಬಿಚ್ಚಿದರು. ಸಬ್ ಇನ್ಸ್‌ಪೆಕ್ಟರ್ ಚರ್ಮದ ಬೆಲ್ಟನ್ನೂ ಬಿಚ್ಚಿ ಜೀಪಿನಲ್ಲಿಟ್ಟು ಬಂದರು. ದೈವದ ಫೋಟೊ ತೆಗೆಯಬಾರದಲ್ಲ, ಹಾಗಾಗಿ ಕಾನ್‌ಸ್ಟೆಬಲ್ ಫೋನನ್ನು ಜೇಬಿಗೆ ಹಾಕಿದ. ಒಳಗೆ ದೀಪ, ಒಂದು ಮಣೆ, ಮೇಲಿನ ಅಡ್ಡಪಟ್ಟಿಗೆ ಸಾಲಾಗಿ ತೂಗಿದ ಹಳದಿ ಗಂಟುಗಳು. ಹೊಗೆ ಹಿಡಿದು ಕಪ್ಪಾಗಿದ್ದವು. ನಾವು ಜಪ್ತಿ ಮಾಡಲು ಬಂದದ್ದೇ ಅವುಗಳನ್ನು.

ಸಬ್ ಇನ್ಸ್‌ಪೆಕ್ಟರ್ ಕೈ ಮುಗಿದರು. ಅವರ ಹಿಂದೆ ಕಾನ್‌ಸ್ಟೆಬಲ್ ಮುಗಿದ. ಅಂಗಡಿಯವರು ಒಳಗೇ ಬರಲಿಲ್ಲ.

"ಸರ್, ಜಪ್ತಿ ಮಾಡಿ" ನಾನು ಹೇಳಿದೆ.

"ನಮಗೂ ಹೆಂಡತಿ ಮಕ್ಕಳು ಇದ್ದಾರೆ ಮೇಡಂ" ಎಂದು ಅವರು ನನ್ನ ಕಿವಿಯ ಹತ್ತಿರ ಹೇಳಿದರು.

ಬಾಗಿಲ ಹೊರಗೆ ಮಾಲೀಕ ಕೈಕಟ್ಟಿ ನಿಂತಿದ್ದ. "ಬೇಕಾದ್ರೆ ತೆಗೊಳ್ಳಿ ಸರ್, ನಾನು ಅಡ್ಡ ಬರುದಿಲ್ಲ. ಆದ್ರೆ ಮುಂದಿನದ್ದಕ್ಕೆ ನಾನು ಜವಾಬ್ದಾರ ಅಲ್ಲ."

ಮುಟ್ಟುವ ಅಧಿಕಾರ ನನಗಿರಲಿಲ್ಲ. ಇದ್ದಿದ್ದರೆ ಮುಟ್ಟುತ್ತಿದ್ದೆನೇ, ಆಣೆ ಮಾಡಿ ಹೇಳಲಾರೆ. ಮಹಜರಿನಲ್ಲಿ 'ಸದರಿ ಕೋಣೆಯಲ್ಲಿ ಪೂಜಾ ಸಾಮಗ್ರಿಗಳು ಇರುತ್ತವೆ' ಎಂದು ಒಂದು ಸಾಲು ಬರೆದು ಮುಗಿಸಿದರು. ಒಬ್ಬ ಮನುಷ್ಯ ದೈವದ ಹೆಸರಿನಲ್ಲಿ ಹೆದರಿಸಿದ್ದಾನೆ ಎಂದು ತನಿಖೆಗೆ ಬಂದವರೇ ಹೆದರಿ ವಾಪಸು ಹೊರಟಿದ್ದರು.

ಹೊರಡುವ ಮೊದಲು ಸಬ್ ಇನ್ಸ್‌ಪೆಕ್ಟರ್ ಆ ತಾಯಿಯನ್ನು ಕರೆದು, ನೀವು ಈಗಲೇ ಹೋಗಬಹುದು, ಪೊಲೀಸರೇ ಬಿಟ್ಟು ಬರುತ್ತಾರೆ ಎಂದರು. ಆಕೆ ಗೇಟನ್ನು ನೋಡಿದಳು. ನಿಂತಲ್ಲೇ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತುರಿಮಣೆಯ ಮುಂದೆ ಹೋಗಿ ಕೂತು ಕಾಯಿ ಎತ್ತಿಕೊಂಡಳು. ಒಲೆಯ ಮೇಲೆ ಯಾರೋ ಒಗ್ಗರಣೆ ಹಾಕಿದರು. ಮಾಲೀಕ ನನ್ನ ಕಡೆ ನೋಡಿ, "ಊಟ ಮಾಡಿ ಹೋಗಿ ಮೇಡಂ" ಎಂದ. ನನಗೆ ವಾಕರಿಕೆ ಬಂದದ್ದು ಆಗ.

ಠಾಣೆಯ ಮುಂದೆ ಜೀಪು ನಿಂತಿತು. ಇಳಿಯುವಾಗ ಸಬ್ ಇನ್ಸ್‌ಪೆಕ್ಟರ್, "ಬಿ ರಿಪೋರ್ಟ್ ಹಾಕುದು ಒಳ್ಳೇದು ಮೇಡಂ" ಎಂದರು. ಸಾಕ್ಷ್ಯವಿಲ್ಲ ಎಂದು ಕೇಸು ಮುಚ್ಚುವ ವರದಿ.

ನನ್ನ ಮುಂದೆ ಎರಡು ದಾರಿ ಇದ್ದವು. ಮೇಲಧಿಕಾರಿಗೆ ಬರೆದು ಬೇರೆ ತನಿಖಾಧಿಕಾರಿಯನ್ನು ಕೇಳಬಹುದು. ಆ ಗಂಟುಗಳನ್ನು ಅವರು ಹೇಗಾದರೂ ಜಪ್ತಿ ಮಾಡುತ್ತಾರೆ, ಕೇಸು ನಿಲ್ಲುತ್ತದೆ. ಆದರೆ ಆ ತಾಯಿ? ತನ್ನ ಒಪ್ಪಿಗೆಯಿಲ್ಲದೆ ಪೊಲೀಸರು ಗಂಟು ಬಿಚ್ಚಿದರು ಎಂದು ಗೊತ್ತಾದ ಮೇಲೆ ಹೆರಿಗೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ, ಬಿಪಿ ಬೇರೆ ಏರಿದೆ, ಆಕೆ ಜೀವಮಾನವಿಡೀ ತಾನೇ ಮಗಳನ್ನು ಕೊಂದೆ ಎಂದುಕೊಂಡು ಬದುಕಬೇಕಾಗುತ್ತದೆ. ಅಂಥ ಬಿಡುಗಡೆ ಯಾರಿಗೆ ಬೇಕು? ಇನ್ನೊಂದು ದಾರಿ ಆಕೆಯನ್ನೇ ಕೇಳುವುದು, ಬೇಡ ಎನ್ನುವುದು ಖಂಡಿತ. ಬಹಳ ಹೊತ್ತು ಯೋಚಿಸಿದೆ. ಹೆದರಿಸಿದ್ದು ಮಗಳ ಹೆಸರಿನಲ್ಲಿ. ಹಾಗಾದರೆ ಮಗಳನ್ನೇ ಕೇಳಬೇಕು.

ಬಜಪೆಯ ಆ ಬಾಡಿಗೆ ಮನೆಯಲ್ಲಿ ಹುಡುಗಿ ಎಡಮಗ್ಗುಲಾಗಿ ಮಲಗಿದ್ದಳು. ಕಾಲು ಬಾತು ಹೊಳೆಯುತ್ತಿತ್ತು. ಮಾಡಿನ ಮೇಲೆಯೇ ವಿಮಾನ ಇಳಿದ ಹಾಗೆ ಸದ್ದು, ಅದು ನಿಲ್ಲುವ ತನಕ ಇಬ್ಬರೂ ಕಾದೆವು. ಮುಡಿಪಿನ ವಿಷಯ ಪೂರ್ತಿ ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ತನ್ನ ಮೇಲೆ ಪ್ರೀತಿ ಕಮ್ಮಿಯಾಗಿದೆ ಎಂದುಕೊಂಡಿದ್ದಳಂತೆ. ಬಯಕೆಯ ದಿನ ಬರದಿದ್ದಕ್ಕೆ ಫೋನಿನಲ್ಲಿ ಜಗಳವಾಡಿ ಮಾತು ಬಿಟ್ಟಿದ್ದಳು. ಈಗ ದಿಂಬಿಗೆ ಮುಖ ಒತ್ತಿ ಅತ್ತಳು. ಗಂಡ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದ.

ಅತ್ತು ಮುಗಿಸಿ ಎದ್ದು ಕೂತಳು. "ಬಿಚ್ಚಿ ಮೇಡಂ."

"ಹೆದರಿಕೆ ಇಲ್ವಾ?"

"ಹೆದರಿಕೆ ಉಂಟು. ಇಲ್ಲ ಹೇಳಿದ್ರೆ ಸುಳ್ಳು. ಆದ್ರೆ ತಾಗುದಾದ್ರೆ ನನಗೆ ತಾಗ್ಲಿ. ನನ್ನ ಹೊಟ್ಟೆ ತೋರಿಸಿ ನನ್ನ ಅಮ್ಮನನ್ನು ದುಡಿಸುದು ಬೇಡ." ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅದನ್ನೇ ನನ್ನ ಫೋನಿನ ಎದುರು ತುಳುವಿನಲ್ಲಿ ಹೇಳಿದಳು, ಅಮ್ಮನಿಗೆ ತೋರಿಸಿ ಎಂದಳು.

ಮಾರನೆಯ ದಿನ ಠಾಣೆಗೆ ಹೋಗಿ ಸಬ್ ಇನ್ಸ್‌ಪೆಕ್ಟರ್ ಎದುರು ಒಂದೇ ಮಾತು ಹೇಳಿದೆ. ನೀವು ಮುಟ್ಟುವುದು ಬೇಡ, ಈ ದೈವ ಯಾರೆಂದೇ ಗೊತ್ತಿಲ್ಲದ ಒಬ್ಬರನ್ನು ಕೊಡಿ. ಅವರು ಬಾಗಲಕೋಟೆ ಕಡೆಯ ಒಬ್ಬ ಮಹಿಳಾ ಕಾನ್‌ಸ್ಟೆಬಲನ್ನು ಕರೆಸಿದರು. ಆಕೆಗೆ ವಿಷಯ ವಿವರಿಸಿದೆ. "ಇಷ್ಟಕ್ಕ ಇಷ್ಟ್ ಮಂದಿ ನಿಂತ್ರೇನ್ರಿ? ನಾ ಬಿಚ್ತೀನಿ ತಗೋರಿ" ಎಂದಳು.

ಎರಡನೇ ಸಲ ಅದೇ ಪಂಚರು, ಅದೇ ಕೋಣೆ. ಈ ಸಲ ಕ್ಯಾಮೆರಾ ಜೇಬಿಗೆ ಹೋಗಲಿಲ್ಲ. ಮೊದಲು ಆ ತಾಯಿಗೆ ಮಗಳ ವಿಡಿಯೊ ತೋರಿಸಿದೆ. ಮತ್ತೆ ಮತ್ತೆ ನೋಡಿದಳು. ಹೂಂ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕೋಣೆಯ ಬಾಗಿಲಿಗೆ ಬಂದು ನಿಂತಳು, ಬಾಯಿಗೆ ಸೆರಗು ಒತ್ತಿಕೊಂಡು. ಉಳಿದ ಹೆಂಗಸರೂ ಕೆಲಸ ಬಿಟ್ಟು ಹಿಂದೆ ಸೇರಿದರು. ಮಾಲೀಕನ ನಗು ಮೊದಲ ಬಾರಿಗೆ ಮಾಸಿತ್ತು.

"ದೈವದ ವಿಷಯ ಸರ್, ಬೇಡ. ನಾನೇ ಆಮೇಲೆ ಬಿಚ್ತೇನೆ" ಎಂದು ಸಬ್ ಇನ್ಸ್‌ಪೆಕ್ಟರ್ ಅವರ ಕೈ ಹಿಡಿಯಲು ಹೋದ.

ಅಷ್ಟರಲ್ಲಿ ಕಾನ್‌ಸ್ಟೆಬಲ್ ತುದಿಯ ಗಂಟನ್ನು ಇಳಿಸಿ, ಮಣೆಯ ಮೇಲೆ ಬಿಳಿ ಕಾಗದ ಹಾಸಿ, ಉಗುರಿನಿಂದ ಬಿಡಿಸಿ ಸುರಿದಳು.

ಅಕ್ಕಿ ಇರಲಿಲ್ಲ. ನಾಣ್ಯ ಇರಲಿಲ್ಲ. ಸೋಡಾ ಬಾಟಲಿಯ ಒಂದು ತಗಡಿನ ಮುಚ್ಚಳ ಟಣ್ಣೆಂದು ಬಿದ್ದು ಮಣೆಯ ಮೇಲೆ ಉರುಳಿತು.

ಎರಡನೆಯದು ಬಿಚ್ಚಿದಳು. ಮುಚ್ಚಳ. ಮೂರನೆಯದು, ಮುಚ್ಚಳ. ಎಲ್ಲವೂ ಅದೇ. ಯಾವುದೋ ಮದುವೆಯ ಪಾನಕದ ಸ್ಟಾಲಿನಲ್ಲಿ ಗುಡಿಸಿದ ಕಸವನ್ನು ಕಟ್ಟಿ ತೂಗುಹಾಕಿದ್ದ. ದೈವಕ್ಕೆ ಒಂದು ನಾಣ್ಯ ಇಡುವಷ್ಟು ನಂಬಿಕೆಯೂ ಅವನಿಗಿರಲಿಲ್ಲ. ಆ ಹೆಂಗಸರು ದಿನಾ ಸಂಜೆ ದೀಪ ಹಚ್ಚಿ, ಮಕ್ಕಳನ್ನು ಕಾಪಾಡು ಎಂದು ಆ ಕಸಕ್ಕೆ ಕೈ ಮುಗಿಯುತ್ತಿದ್ದರು.

"ಮಕ್ಕಳು ಯಾರಾದ್ರೂ ತಮಾಷೆಗೆ ಮಾಡಿರ್ಬೇಕು" ಎಂದ ಮಾಲೀಕ.

ಆಗ ಸಬ್ ಇನ್ಸ್‌ಪೆಕ್ಟರ್ ಸಿಡಿದರು. "ದೈವಕ್ಕೇ ಮೋಸ ಮಾಡ್ತೀಯಾ, ಬೇವರ್ಸಿ!" ಎಂದು ಅವನ ಕಾಲರು ಹಿಡಿದರು. ಒಳಗೆ ಕಾಲಿಡಲು ಹೆದರಿದ್ದ ಅಂಗಡಿಯವರು ತಾವೇ ಮುಂದೆ ಬಂದು ಎಲ್ಲಿ ಸಹಿ ಹಾಕಬೇಕೆಂದು ಕೇಳಿದರು. ಮಹಜರು ಪುಟಗಟ್ಟಲೆ ಬೆಳೆಯಿತು. ಒಂದೊಂದು ಮುಚ್ಚಳಕ್ಕೂ ಒಂದೊಂದು ಲಕೋಟೆ, ಅದಕ್ಕೆ ಅರಗು, ಮೊಹರು. ಕೇಸು ಗಟ್ಟಿಯಾಯಿತು, ನಾನು ಸಂತೋಷಪಡಬೇಕಿತ್ತು. ಆದರೆ ಈ ಗಂಡಸರ ಸಿಟ್ಟು ಆ ಹೆಂಗಸರಿಗಾಗಿ ಬಂದದ್ದಲ್ಲ. ಸುಟ್ಟ ಕೈಯಲ್ಲಿ ಕಾಯಿ ತುರಿಸಿದಾಗ ಬರದ ರೋಷ ಸೋಡಾ ಮುಚ್ಚಳಕ್ಕೆ ಬಂತು. ಗಂಟಿನಲ್ಲಿ ನಿಜವಾಗಿ ನಾಣ್ಯ, ಅಕ್ಕಿ ಇದ್ದಿದ್ದರೆ ಇವರೆಲ್ಲ ಇನ್ನೊಮ್ಮೆ ಕೈ ಮುಗಿದು ಹೋಗುತ್ತಿದ್ದರು. ಅವರಿಗೂ ಆ ಮಾಲೀಕನಿಗೂ ನಡುವೆ ಎಷ್ಟು ದೂರ ಎಂದು ಆವತ್ತು ನನಗೆ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ.

ಆ ತಾಯಿ ಲಕೋಟೆಗೆ ಹೋಗುವ ಮೊದಲು ತನ್ನ ಹೆಸರಿನ ಮುಚ್ಚಳವನ್ನು ಬಗ್ಗಿ ನೋಡಿದಳು. ತುಕ್ಕು ಹಿಡಿದಿತ್ತು. "ಇದಕ್ಕಾ?" ಎಂದಳು, ಅಷ್ಟೇ.

ಬಟ್ಟೆಬರೆ ಕಟ್ಟಿಕೊಳ್ಳುತ್ತಿರುವಾಗಲೇ ಅಳಿಯನ ಫೋನ್ ಬಂತು. ಬಿಪಿ ಜಾಸ್ತಿಯಾಗಿ ಹುಡುಗಿಯನ್ನು ಪೇಟೆಯ ಹೆರಿಗೆ ಆಸ್ಪತ್ರೆಗೆ ತಂದಿದ್ದಾರೆ, ಆಪರೇಷನ್ ಎನ್ನುತ್ತಿದ್ದಾರೆ. ನನ್ನ ಕಾರಿನಲ್ಲಿ ಹೊರಟೆವು. ನಂತೂರಿನಲ್ಲಿ ಲಾರಿಗಳು ಅಡ್ಡಾದಿಡ್ಡಿ ನಿಂತು ಗಂಟೆಗಟ್ಟಲೆ ದಾರಿಯೇ ಸಿಗಲಿಲ್ಲ. ಆಕೆ ಚೀಲವನ್ನು ತೊಡೆಯ ಮೇಲೆ ಅವುಚಿ ಕೂತಿದ್ದಳು.

"ಮುಚ್ಚಳವೇ ಇರ್ಬಹುದು ಮೇಡಂ" ಎಂದಳು ಒಮ್ಮೆಲೇ. "ಆದ್ರೆ ನಾನು ಕೈ ಮುಗಿದದ್ದು ಸುಳ್ಳಲ್ಲ ಅಲ್ವಾ? ಮಾತು ಕೊಟ್ಟದ್ದು ನಾನಲ್ವಾ?"

ನಾನು ಹಾರ್ನ್ ಒತ್ತಿದೆ.  ೧೪೬ ಜಾಮೀನು ಸಿಗುವ ಅಪರಾಧ, ೩೫೪ ಕೂಡ. ಆ ಮನುಷ್ಯ ಸಂಜೆಯೊಳಗೆ ಮನೆಗೆ ಹೋಗುತ್ತಾನೆಂದು ನನಗೆ ಗೊತ್ತಿತ್ತು. ಹಾಗೆಯೇ ಆಯಿತು. ಕೇಸು ಇನ್ನೂ ನಡೆಯುತ್ತಿದೆ, ಅವನ ವ್ಯಾನೂ ಕಲ್ಯಾಣಮಂಟಪಗಳ ಹಿಂದೆ ನಿಲ್ಲುತ್ತಿದೆ. ಆ ಹೆಂಗಸರಲ್ಲಿ ಕೆಲವರು ಅವನಲ್ಲಿಗೇ ವಾಪಸಾದರೆಂದು ಕೇಳಿದೆ.

ಆಸ್ಪತ್ರೆ ತಲುಪಿದಾಗ ಆಪರೇಷನ್ ಮುಗಿದಿತ್ತು. ಹೆಣ್ಣುಮಗು. ತಾಯಿ ಮಗು ಇಬ್ಬರನ್ನೂ ವಾರ್ಡಿಗೆ ತಂದಿದ್ದರು. ಅಳಿಯ ಓಡಿಬಂದು ಅತ್ತೆಯ ಚೀಲ ತೆಗೆದುಕೊಂಡ. ಬಾಗಿಲಿನಿಂದಲೇ ಹುಡುಗಿಯ ಮಂಚ ಕಾಣುತ್ತಿತ್ತು. ಅವಳು ಕಣ್ಣುಬಿಟ್ಟು ಈ ಕಡೆಯೇ ನೋಡುತ್ತಿದ್ದಳು, ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಗು.

ತಾಯಿ ಹೊಸಿಲಿನ ಹತ್ತಿರ ನಿಂತುಬಿಟ್ಟಳು. ಒಂದು ಕಾಲು ಎತ್ತಿ ಮತ್ತೆ ಇಳಿಸಿದಳು. ತಿರುಗಿ ನನ್ನನ್ನು ನೋಡಿ ಸಣ್ಣ ದನಿಯಲ್ಲಿ ಕೇಳಿದಳು.

"ದಾಟ್ಬಹುದಾ ಮೇಡಂ?"

ಹೂಂ ಎಂದು ಹೇಳಲು ನನ್ನ ಬಾಯಿ ತೆರೆದಿತ್ತು. ಹೇಳಿದರೆ ಅದೂ ಒಂದು ಅಪ್ಪಣೆಯಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತೆ. ಒಳಗೆ ಮಗು ಅಳತೊಡಗಿತು.  ಆಮೇಲೆ ಆಕೆ ಚಪ್ಪಲಿ ಬಿಚ್ಚುವುದು ಕೇಳಿಸಿತು. ತಿರುಗಿ ನೋಡಿದಾಗ ಬಾಗಿಲಲ್ಲಿ ಚಪ್ಪಲಿ ಮಾತ್ರ ಇತ್ತು.